ಹೆಸರು ಹೇಳದೆ ಕಟ್ಟಿದ ಮುಡಿಪು

೧೯೩೭ ದಶಂಬರ ೬, ಅಡೂರು

ಇವತ್ತೂ ಅದೇ ಚರ್ಚೆ. ಆಫ್ರಿಕಕ್ಕೆ, ಮೊಂಬಾಸಾಕ್ಕೆ ಹಣ ಒಯ್ಯುವುದು ಹೇಗೆ? ಮುದ್ದಣ್ಣ ಮಾವನದು ಒಂದೇ ಹಟ — ಬ್ಯಾಂಕಿನ ಡ್ರಾಫ್ಟ್.

"ಕಾಗದ ಕದ್ದರೆ ಕಳ್ಳನಿಗೆ ಎಂತ ಸಿಗ್ತದೆ? ಮಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಾ."

"ಅಲ್ಲಿಯ ಬ್ಯಾಂಕಿನಲ್ಲಿ ಇವನೇ ಪುರಂದರ ರೈ ಅಂತ ಗುರುತು ಹೇಳುವವರು ಬೇಕು ಮಾವ. ಯಾರಿದ್ದಾರೆ ನನಗೆ?"

"ಹಾಗಾದರೆ ಲಂಗೋಟಿಯಲ್ಲಿ ಕಟ್ಟಿಕೋ. ಹಡಗು ಇಳಿಯುವವರೆಗೆ ಸ್ನಾನ ಮಾಡಬೇಡ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮನ ಚಕ್ರಸರ ಮಾರಿದ ಹಣ ಅದು. ಹೋದರೆ ಹೋಯಿತು. ಬೊಂಬಾಯಿ ಧಕ್ಕೆಯಲ್ಲಿ ಹಡಗು ಹತ್ತುವಾಗ ಜೇಬು ಕತ್ತರಿಸುವವರ ಕಥೆ ಎಷ್ಟು ಕೇಳಿಲ್ಲ!

ದಶಂಬರ ೮

ಉಪಾಯ ಹೊಳೆಯಿತು. ಮುಡಿಪು! ಹರಕೆಯ ಹಣ ಎಂದು ಅರಸಿನ ಬಟ್ಟೆಯಲ್ಲಿ ಕಟ್ಟಿ, ಎಲ್ಲರಿಗೂ ಕಾಣುವಂತೆ ಕೊರಳಿಗೆ ಹಾಕಿಕೊಂಡರೆ ಆಯಿತು. ಕಳ್ಳ ಯಾವ ಊರಿನವನಾದರೂ ದೇವರ ಹಣಕ್ಕೆ ಕೈ ಹಾಕಲು ಅಳುಕುತ್ತಾನೆ.

ಅಮ್ಮ ಕಟ್ಟಿಕೊಡಲು ಒಪ್ಪಲಿಲ್ಲ.

"ಸುಳ್ಳು ಮುಡಿಪು ಕಟ್ಟುದಾ? ದೈವದ ಹೆಸರು ಹೇಳಿ ಗಂಟು ಹಾಕಿದ ಮೇಲೆ ಆ ಹಣ ನಿನ್ನದಲ್ಲ ಮಗಾ."

"ಹೆಸರು ಹೇಳುದಿಲ್ಲಮ್ಮ. ಬಾಯಿ ಮುಚ್ಚಿಕೊಂಡು ಕಟ್ತೇನೆ. ಆಗ ಅದು ಬರೀ ಗಂಟು."

ಅಮ್ಮ ಅರಸಿನದ ಡಬ್ಬಿ ನನ್ನ ಮುಂದಿಟ್ಟು ಎದ್ದು ಹೋದಳು. ನಾನೇ ಕಟ್ಟಿದೆ. ತುಟಿ ಬಿಗಿದುಕೊಂಡು.

ದಶಂಬರ ೨೩, ಹಡಗಿನಲ್ಲಿ

ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಡೆಕ್ಕಿನಲ್ಲಿ ಪಕ್ಕದ ಚಾಪೆ ಲೋಕಯ್ಯ ಆಚಾರಿಯವರದು. ನಮ್ಮ ಪಕ್ಕದ ದೇಲಂಪಾಡಿಯವರು, ಬಡಗಿ. ನೈರೋಬಿಯಲ್ಲಿ ಮೇಸ್ತ್ರಿಯೊಬ್ಬನ ಕೈಕೆಳಗೆ ಕೆಲಸ. ಊರಿನ ಮಾತು ಕಿವಿಗೆ ಬಿದ್ದದ್ದೇ ಅರ್ಧ ವಾಂತಿ ನಿಂತಿತು.

ಇವತ್ತು ನನ್ನ ಎದೆಯ ಗಂಟು ನೋಡಿ ಕೈಮುಗಿದರು.

"ಮುಡಿಪಾ ರೈಗಳೇ? ಯಾವ ದೈವದ್ದು?"

"ಮನೆಯದ್ದು."

"ಹಾಗಾದರೆ ಸತ್ಯ ಉಂಟು, ಕಾಯ್ತದೆ."

ತಲೆಯಾಡಿಸಿದೆ. ಮತ್ತೆಂತ ಹೇಳುವುದು?

ಹಣ ಮಾತ್ರ ಭದ್ರ. ನಿನ್ನೆ ಪಂಜಾಬಿಯೊಬ್ಬನ ಪೆಟ್ಟಿಗೆ ಒಡೆದಿದ್ದಾರೆ. ನನ್ನ ಹತ್ತಿರ ಯಾರೂ ಸುಳಿಯಲಿಲ್ಲ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ದಶಂಬರ ೨೭

ಊರಿನಲ್ಲಿ ಆಚಾರ್ರ ಹೆಂಡತಿಗೆ ದಿನ ತುಂಬಿದೆಯಂತೆ. ಮೊದಲಿನ ಮಗು ಹೆರಿಗೆಯಲ್ಲೇ ಹೋಗಿತ್ತು. ಇವತ್ತು ಅವರು ಊಟ ಮುಟ್ಟಲಿಲ್ಲ. ಮಧ್ಯಾಹ್ನ ಅಂಗಿಯ ಕಾಲರಿನ ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಿ, ಒಂದು ಚಿನ್ನದ ಪವನು ಹೊರಗೆ ತೆಗೆದರು.

"ಇದನ್ನು ಮುಡಿಪಿಗೆ ಸೇರಿಸಿ. ತಾಯಿ ಮಗು ಚೆಂದದಲ್ಲಿ ಬೇರೆಯಾದರೆ ಸಾಕು."

"ಇಟ್ಟುಕೊಳ್ಳಿ ಆಚಾರ್ರೇ. ಇಳಿಯುವಲ್ಲಿ ಬೇಕಾದೀತು."

"ಇಳಿಯುವಲ್ಲಿ ಮೇಸ್ತ್ರಿ ಬರ್ತಾನೆ ಮಾರಾಯ್ರೆ, ಜಾಮೀನು ನಿಲ್ಲಲಿಕ್ಕೆ. ಊರಲ್ಲಿ ಅವಳಿಗೆ ಯಾರು ಬರ್ತಾರೆ?"

ಆಗ ಹೇಳಬೇಕಿತ್ತು. ಬದಲಿಗೆ ಗಂಟಿನ ಬಾಯಿ ಸಡಿಲಿಸಿ ಹಿಡಿದೆ. ಅವರೇ ಬೆರಳಿನಿಂದ ಪವನನ್ನು ಒಳಗೆ ತಳ್ಳಿ, ಗಂಟನ್ನು ಕಣ್ಣಿಗೊತ್ತಿಕೊಂಡರು. ಮತ್ತೆ ಊಟ ಕೇಳಿ ಹಾಕಿಸಿಕೊಂಡು ಉಂಡರು. ಅಲ್ಲೇ ಕಾಲು ಚಾಚಿ ಗೊರಕೆ.

ನನ್ನ ತಟ್ಟೆ ಹಾಗೆಯೇ ಇತ್ತು.

೧೯೩೮ ಜನವರಿ ೨, ಮೊಂಬಾಸಾ

ಇಳಿದೆ. ನಾನೊಬ್ಬನೇ.

ಮೇಜಿನ ಹಿಂದೆ ಒಬ್ಬ ದೊರೆ, ಪಕ್ಕದಲ್ಲಿ ಗೋವೆಯ ಗುಮಾಸ್ತ. ಜಾಮೀನು ನಿಲ್ಲುವವರಿಲ್ಲದಿದ್ದರೆ ಹಣ ತೋರಿಸಬೇಕು. ತೋರಿಸಲಾಗದಿದ್ದರೆ ಅದೇ ಹಡಗಿನಲ್ಲಿ ವಾಪಸು. ನನ್ನ ಸರದಿ ಬಂತು. ಬೆನ್ನ ಹಿಂದೆಯೇ ಆಚಾರ್ರು. ಗಂಟು ಬಿಚ್ಚಿದೆ. ನೋಟಿಗೆಲ್ಲ ಅರಸಿನ ಹಿಡಿದಿತ್ತು. "ಸಾರಿಗೆ ಹಾಕಿದ್ದಾ?" ಎಂದು ಗುಮಾಸ್ತ ಹಿಂದಿಯಲ್ಲಿ ಕೇಳಿ ನಕ್ಕ. ಠಸ್ಸೆ ಬಿತ್ತು.

ಆಚಾರ್ರ ಮೇಸ್ತ್ರಿ ಬಂದಿರಲಿಲ್ಲ. ಅವರ ಕೈಯಲ್ಲಿದ್ದ ಹಣ ಸ್ವಲ್ಪದರಲ್ಲಿ ಕಡಿಮೆ. ಆ ಪವನು ಇದ್ದರೆ ಸಾಕಾಗುತ್ತಿತ್ತು. ಅದು ನನ್ನ ಮುಷ್ಟಿಯಲ್ಲಿತ್ತು. ಚಾಚಿದೆ.

ಸುಟ್ಟವರ ಹಾಗೆ ಕೈ ಹಿಂದಕ್ಕೆಳೆದರು.

"ದೈವಕ್ಕೆ ಕೊಟ್ಟದ್ದು ವಾಪಸು ತಕೊಳ್ಳುದಾ? ಅವಳು ನೋವು ತಿನ್ನುವ ಹೊತ್ತಿಗೆ?"

ಮತ್ತೆ ನನ್ನನ್ನೇ ಸಮಾಧಾನ ಮಾಡಿದರು — "ನೀವು ತೋರಿಸಲಿಕ್ಕೆ ಬಿಚ್ಚಿದ್ದಲ್ವಾ ರೈಗಳೇ. ತಪ್ಪುಕಾಣಿಕೆ ಹಾಕಿ ಪುನಃ ಕಟ್ಟಿ. ದೈವ ಕೋಪಿಸುದಿಲ್ಲ."

ಅವರನ್ನು ಹಡಗಿಗೇ ವಾಪಸು ಕಳಿಸಿದರು. ಅದು ಮುಡಿಪೇ ಅಲ್ಲ ಎಂದಿದ್ದರೆ ಸಾಕಿತ್ತು. ಪವನು ತೆಗೆದುಕೊಂಡು ಇಳಿಯುತ್ತಿದ್ದರು. ಆದರೆ ಎಲ್ಲರೂ ನೋಡುತ್ತಿದ್ದರು...

ಇಲ್ಲ. ಅವರೊಬ್ಬರೇ ನೋಡುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಜನವರಿ ೪

ಹಡಗು ಇನ್ನೂ ಹೊರಟಿಲ್ಲ ಎಂದು ತಿಳಿಯಿತು. ಹೇಳಿಯೇ ಬರುವುದೆಂದು ಧಕ್ಕೆಗೆ ಓಡಿದೆ. ಮೇಲೆ ಹತ್ತಲು ಬಿಡಲಿಲ್ಲ. ಆಚಾರ್ರು ಹಡಗಿನ ಅಂಚಿನ ಕಟಾಂಜನಕ್ಕೆ ಒರಗಿ ನಿಂತಿದ್ದರು. ನನ್ನನ್ನು ಕಂಡು ಕೈ ಬೀಸಿದರು.

"ರೈಗಳೇ! ಪುನಃ ಕಟ್ಟಿದಿರಾ?"

"ಕಟ್ಟಿದೆ!"

ನನ್ನ ಬಾಯಿಯೇ ಕೂಗಿದ್ದು.

"ಹಾಗಾದರೆ ನನಗೆ ಹೆದರಿಕೆ ಇಲ್ಲ!"

ನೋಟೆಲ್ಲ ನಿನ್ನೆಯೇ ಶಿಲ್ಲಿಂಗ್ ಆಗಿದೆ. ಅರಸಿನ ಬಟ್ಟೆಯನ್ನು ಬೆವರು ಒರೆಸಲು ಇಟ್ಟುಕೊಂಡಿದ್ದೆ. ಕೋಣೆಗೆ ಬಂದು ಅದನ್ನೇ ಒಗೆದು ಒಣಗಿಸಿ ಹಾಸಿದೆ. ನಡುವಿನಲ್ಲಿ ಆ ಪವನು ಒಂದೇ. ಈ ಸಲ ಹೆಸರು ಹೇಳಿಯೇ ಕಟ್ಟಬೇಕು. ಬಟ್ಟೆಯ ತುದಿ ಎತ್ತಿದೆ. ಬಾಯಿ ತೆರೆದೆ. ನಮ್ಮ ಮನೆಯ ದೈವದ ಹೆಸರು ಬರಲಿಲ್ಲ; ಬಂದದ್ದು ಧಕ್ಕೆಯಲ್ಲಿ ಕೂಗಿದ ಆ "ಕಟ್ಟಿದೆ" ಒಂದೇ.