ಹಿತ್ತಲ ಖೋಲಿಯ ಕೇಬಲ್ಲು

ಸಿದ್ದಲಿಂಗಣ್ಣಾ,

ಹೊಲಿಯಾಕ ಅರವಿ ತರಾಕ ಬಾಗೇವಾಡಿಗೆ ಹೊಂಟೇನಿ. ಸಂಜಿ ಬಸ್ಸಿಗೆ ಬರ್ತೇನಿ. ನಿಂದೂ ವೈನೀದೂ ರೊಟ್ಟಿ ಬುಟ್ಯಾಗ ಅದಾವ.

ಹಿತ್ತಲದಾಗ ಅಗದದ್ದು ನೋಡಿ ಒದರಬ್ಯಾಡ. ಅಗದಾಕಿ ನಾನ. ಹಸಿ ಮಣ್ಣಿನ ಮ್ಯಾಲ ಬೈಕ್ ನಿಂದರಸಬ್ಯಾಡ.

ಮೂರು ವರ್ಷದ ಹಿಂದ, ನಾ ಗಂಡನ ಮನಿ ಬಿಟ್ಟು ಬಂದ ವಾರದಾಗ, ನನ್ನ ಖೋಲಿ ಲೈಟ್ ಹೋತು. ಅಪ್ಪ ನೆಲದಾಗ ಹಾಕಿಸಿದ ಕೇಬಲ್ ಇಲಿ ಕಡದಾವ ಅಂದಿ. ಅಪ್ಪ ಅದರ ಮ್ಯಾಲ ಸಾಲಾಗಿ ಇಟ್ಟಂಗಿ ಮುಚ್ಚಿದ್ದ. ಇವತ್ತ ಮುಂಜಾನೆ ನೀವು ಹೊಲಕ್ಕ ಹೋದ ಮ್ಯಾಲ ಅಗದು ನೋಡಿದೆ, ಒಂದೂ ಅಲಗಿಲ್ಲ. ಆಮ್ಯಾಲ ವೈರಮನ್ ನಿಜಾಮುದ್ದೀನ ಕಾಕಾನ್ನ ಕರಸಿದೆ. ಮೀಟರ್ ಹಚ್ಚಿ ನೋಡಿ, "ಕೇಬಲ್ ಛಲೋ ಐತಿ ನೋಡವಾ" ಅಂದ್ರು. ಪಡಸಾಲಿ ಬೋರ್ಡ್ ಬಿಚ್ಚಿದ್ರ, ಹಿಂದ ವಾಯರ್ ಕತ್ತರಿಸಿ ತುದಿಗೆ ಕೆಂಪು ಟೇಪ್ ಸುತ್ತಿತ್ತು. ನಿನ್ನ ಬೈಕಿನ ಹ್ಯಾಂಡಲಿಗೆ ಸುತ್ತಿದ್ದ್ಯಲ್ಲಾ, ಅದ ಟೇಪು.

ಕಾಕಾ ಜೋಡಿಸ್ಯಾರ. ಹೊಸಾ ಸ್ವಿಚ್ ಮುಟ್ಟಬ್ಯಾಡ. ಈ ಮೂರು ವರ್ಷ ನಿಮ್ಮ ಕಿಡಕಿಯಿಂದ ನನ್ನ ಖೋಲಿಗೆ ಎಳಕೊಂಡಿದ್ದ ವಾಯರ್ ಸುತ್ತಿ ಮೊಳಿಗೆ ಹಾಕೇನಿ. ಮಿಕ್ಸರ್ ಹಚ್ಚೂ ಮುಂದ ನನ್ನ ಹೊಲಿಗಿ ಮಷೀನಿನ ಪ್ಲಗ್ ಕೀಳೂ ತ್ರಾಸ ವೈನಿಗೆ ಇನ್ನ ಇಲ್ಲ.

ಕತ್ತಲಿಗೆ ಬ್ಯಾಸತ್ತು ಗಂಡನ ಮನಿಗೆ ತಿರುಗಿ ಹೋಗತಾಳ ಅಂತ ಮಾಡಿದ್ದೇನು?

ವಾಯರ್ ಕತ್ತರಿಸಿದ್ದಕ್ಕೂ ನನಗ ಇಷ್ಟು ಉರಿಯಾಂಗಿಲ್ಲ. ಆವತ್ತು ನೀ ಗುದ್ದಲಿ ಹಿಡದು, "ಎಲ್ಲಿ ಕಡದಾವ ನೋಡೂಣು ತಡಿ ತಂಗಿ" ಅಂತ ಬೇವಿನ ಗಿಡದ ಬುಡಕ್ಕ ತಾಸಗಟ್ಲೆ ಅಗದಿ. ಕೇಬಲ್ ಆ ಕಡೆ ಹೋಗೇ ಇಲ್ಲ. ನೀ ಬೆವತದ್ದು ನೋಡಿ ನಾ ಎರಡು ಸಲ ಚಾ ಮಾಡಿ ಕೊಟ್ಟಿದ್ದೆ.

ಸುವರ್ಣಾ