ಗುಡ್ಡದ ಈಚೆ ಮಗ್ಗುಲು

೧೨-೧-೧೯೯೭, ಆದಿತ್ಯವಾರ. ಬೆಳ್ಳೂರು.

ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿರುವ ಮನೆಗಳನ್ನು ನೆನಪಿಸಿಕೊಂಡು, ಪಂಚಾಯತಿನ ನಕ್ಷೆಯ ಮೇಲೆ ಒಂದೊಂದು ಗುಲಗಂಜಿ ಇಡುತ್ತಾ ಹೋದೆ. "ಸಂಬಂಧದೊಳಗೇ ಮದುವೆ ಆಗ್ತಾರಲ್ಲ ಇಮೆಲ್ಡಾ ಸಿಸ್ಟರ್, ಅದಕ್ಕೇ" ಅಂತ ನಮ್ಮ ಆಸ್ಪತ್ರೆಯ ಡಾಕ್ಟರು ಹೇಳುವುದು. ಎಂತ ಸಂಬಂಧ! ಗುಲಗಂಜಿ ಬಿದ್ದ ನಬೀಸುಮ್ಮನ ಮನೆಗೂ ಸಾಲ್ವದೊರನ ಮನೆಗೂ ಎಲ್ಲಿಯ ನೆಂಟಸ್ತಿಕೆ?

ಕಾಳುಗಳೆಲ್ಲ ಗುಡ್ಡದ ಈಚೆ ಮಗ್ಗುಲಲ್ಲೇ ಗುಂಪಾಗಿ ಕೂತಿವೆ. ಮೇಲೆ ಹೆಲಿಕಾಪ್ಟರಿನಲ್ಲಿ ಕೀಟದ ಮದ್ದು ಬಿಡುವ ಗೇರು ತೋಟ. ಕೆಳಗಿನವರು ಕುಡಿಯುವುದು ಅದೇ ಗುಡ್ಡ ಕೊರೆದ ಸುರಂಗದ ನೀರು. ಆಚೆ ಮಗ್ಗುಲಲ್ಲೂ ಬೇಕಾದಷ್ಟು ಮನೆ ಉಂಟು, ಒಂದು ಕಾಳೂ ಇಲ್ಲ. ದೇವರೇ.

ತಂಗಿ ತೆರೆಜಾಳ ಮನೆ ಈಚೆ ಮಗ್ಗುಲಲ್ಲೇ. ಮಧ್ಯಾಹ್ನ ಹೋದವಳಿಗೆ ಬೆಲ್ಲ, ನೀರು ತಂದಿಟ್ಟು, "ಸುರಂಗದ್ದು ಅಕ್ಕ, ಎಷ್ಟು ತಂಪು ನೋಡು" ಅಂತ ತಾನೂ ಗಟಗಟ ಕುಡಿದಳು. ಅವಳಿಗೀಗ ಐದು ತಿಂಗಳು.