ಮೂತಿ ರಸ್ತೆಗೆ ಮಾಡಿ ನಿಲ್ಲಿಸಿದ ಗಾಡಿ

೨೦೦೩ ಅಕ್ಟೋಬರ್ ೧೪, ಮಂಗಳವಾರ, ಬೆಳಿಗ್ಗೆ ೬:೫೦

ಡ್ವೇನ್,

ಕಸದ ಡಬ್ಬಿ ಗಾಳಿಗೆ ಬಿತ್ತು ಎಂದೆಯಲ್ಲ, ಅದರ ಮೈಮೇಲೆ ನಿನ್ನ ಹೊಸ ಎಸ್‌ಯುವಿಯ ಚಕ್ರದ ಗುರುತಿದೆ. ಗಾಳಿಗೆ ಚಕ್ರವಿರುವುದನ್ನು ನಾನು ಎಲ್ಲೂ ಓದಿಲ್ಲ.

"ಎತ್ತರದಲ್ಲಿ ಕೂತ್ರೆ ಎಲ್ಲಾ ಕಾಣುತ್ತೆ ಕಣೇ" ಎಂದು ಹೇಳಿ ನೀನು ಅದನ್ನು ಕೊಂಡೆ. ಎದುರುಮನೆಯ ರಸ್ "ಏನ್ ಗುರೂ, ಬೆಟ್ಟ ಹತ್ತೋಕಾ?" ಎಂದಾಗ ಹಿಗ್ಗಿದೆ. ಈ ಕಾನ್ಸಾಸ್‌ನಲ್ಲಿ ಬೆಟ್ಟ ಎಲ್ಲಿದೆ? ಅವನು ನೋಡಲೆಂದೇ ದಿನವೂ ಹಿಮ್ಮುಖವಾಗಿ ಒಳತಂದು, ಮೂತಿ ರಸ್ತೆಗೆ ಮಾಡಿ ನಿಲ್ಲಿಸುತ್ತೀಯ. ನಮ್ಮ ಟಿಲ್ಡಾ ಸೀಮೆಸುಣ್ಣ ಹಿಡಿದು ಚಿತ್ರ ಬರೆಯುವುದು ಅದೇ ಮೂತಿಯ ಮುಂದೆ. ಅವಳಿಗಿನ್ನೂ ಮೂರು ವರ್ಷ.

ನಾನು ಗೆಳತಿ ರೋಂಡಾಳ ಕಾರಿನಲ್ಲಿ ಕೆಲಸಕ್ಕೆ ಹೊರಟೆ. ಟಿಲ್ಡಾಳನ್ನು ನನ್ನ ಹಳೆಯ ಕಾರಿನಲ್ಲಿ ಶಿಶುವಿಹಾರಕ್ಕೆ ಬಿಡು. ಅವಳ ಕೆಮ್ಮಿನ ಔಷಧಿ ಫ್ರಿಜ್ಜಿನ ಮೇಲಿದೆ. ನಿನ್ನ ಗಾಡಿಯ ಎರಡೂ ಕೀಲಿಗಳು ನನ್ನ ಚೀಲದಲ್ಲಿವೆ, ಹುಡುಕಬೇಡ.

ನಿನ್ನೆ ಎಂಜಿನ್ ಆರಿಸಿಟ್ಟು ನಿನ್ನ ಸೀಟಿನಲ್ಲಿ ಕೂತು ನೋಡಿದೆ. ಟಿಲ್ಡಾ ಮೂತಿಯ ಮುಂದೆ ನೆಲದ ಮೇಲೆ ಕೂತು, ಒಂದೊಂದೇ ಅಡಿ ಹಿಂದೆ ಸರಿಯುತ್ತಾ, "ಅಮ್ಮಾ, ಈಗ ಕಾಣ್ತಿದೀನಾ?" ಎಂದು ಕೂಗುತ್ತಲೇ ಇದ್ದಳು. ಅವಳ ನೆತ್ತಿ ಮೊದಲು ಕಂಡಾಗ ಇಳಿದುಹೋಗಿ ಅಳತೆ ಟೇಪು ಹಿಡಿದೆ. ಗಾಡಿಯ ಮೂತಿಯಿಂದ ಅವಳವರೆಗೆ ಹನ್ನೊಂದು ಅಡಿ ನಾಲ್ಕು ಅಂಗುಲ.